ದಡದ ಗಾಳ, ನೀರಿನ ಆಳ

ಸಾವಳಗಿ-ಜಮಖಂಡಿ ಸೀಮೆಯ ರೈತರು 1989ರಲ್ಲಿ ದೇಣಿಗೆ ಕೂಡಿಸಿ, ಶ್ರಮದಾನದಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದೇ ಶ್ರಮಬಿಂದು ಸಾಗರ. ಇಂಥ ನಿಂತ ನೀರಿನ ದಡದಲ್ಲಿ ಗಾಳ ಹಿಡಿದು ಕುಳಿತವನು ಮೊದಲು ಆಳವನ್ನರಿಯಬೇಕು. ಕಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ದಾರದ ಮೇಲಿನ ಬೆಂಡನ್ನು ಸರಿಸಿದಂತೆ ಸಿಕ್ಕುವ ಮೀನೂ ಬೇರೆಯಾಗುತ್ತದೆ.

ಆದರೆ ಈ ಮೂರು ಗೆಂಡೆಗಳೂ ನಿಂತ ನೀರಿನಲ್ಲಿ ಸಾಮಾನ್ಯವಾಗಿ ತತ್ತಿಯಿಡವು; ಅವಕ್ಕೆ ಮುಂಗಾರಿನ ಹರಿವ ಹೊಸನೀರು ಬೇಕು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಗೆಂಡೆಗಳನ್ನು ತತ್ತಿಯಿಡಿಸಿದ ಮೇಲೆ ಕೆರೆಗಳಿಗೆ ಮರಿ ಒದಗಿಸುವುದು ಸುಲಭವಾಯಿತು. ನದಿಗೆ ಮಾತ್ರ ತನ್ನ ತಾಯಿಮೀನುಗಳೇ ಆಸರೆ. ಆದಕಾರಣ ಮಳೆಗಾಲದಲ್ಲಿ ತತ್ತಿ ತುಂಬಿದ ಮೀನು ಗಾಳಕ್ಕೆ ಬಿದ್ದರೆ, ಅದನ್ನು ಮೆಲ್ಲನೆ ಬಿಡಿಸಿ ನೀರಿಗೇ ಒಪ್ಪಿಸುವುದು ವಿವೇಕ. ನೀರನ್ನು ಹಿಡಿದಿಟ್ಟ ಸೀಮೆಗೆ ಮೀನನ್ನು ಬಿಟ್ಟುಕೊಡುವುದೂ ತಿಳಿದಿರಲಿ.