ಜೊತೆಗಿರು ಎಂಬ ಮೊರೆ



ಕ್ರೈಸ್ತ ಕೀರ್ತನೆಗಳ ಬಗ್ಗೆ ಮಾತಾಡಬೇಕೆಂದು ಕರೆ ಬಂದಾಗ ಹತ್ತಾರು ಗೀತೆಗಳ ಸಮೀಕ್ಷೆ ಮಾಡಬಹುದಿತ್ತು. ನಾನು ಒಂದನ್ನೇ ಹಿಡಿದು ಬಂದಿದ್ದೇನೆ: ‘ಅಬೈಡ್ ವಿತ್ ಮಿ’. ಚರ್ಚಿನ ಮೆಟ್ಟಿಲು ಹತ್ತದವರ ಕಿವಿಗೂ ಇದು ಬಿದ್ದಿರುತ್ತದೆ. ಗಾಂಧೀಜಿಗೆ ಪ್ರಿಯವಾಗಿದ್ದ ಈ ಗೀತೆಯನ್ನು ಜನವರಿ 29ರ ಸಂಜೆ ದೆಹಲಿಯ ವಿಜಯ್ ಚೌಕದಲ್ಲಿ, ಗಣರಾಜ್ಯೋತ್ಸವದ ಮುಕ್ತಾಯ ಸಮಾರಂಭದಲ್ಲಿ, ಸೇನಾ ಬ್ಯಾಂಡುಗಳು ದಶಕಗಳ ಕಾಲ ನುಡಿಸಿದವು.

ಬರೆದವನು ಹೆನ್ರಿ ಫ್ರಾನ್ಸಿಸ್ ಲೈಟ್. ಹುಟ್ಟಿದ್ದು 1793ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಇಂಗ್ಲೆಂಡಿನ ಡೆವನ್ ಕರಾವಳಿಯ ಬ್ರಿಕ್ಸಮ್ ಎಂಬ ಮೀನುಗಾರರ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸಭಾಪಾಲಕನಾಗಿದ್ದ. ಶ್ವಾಸಕೋಶ ಮೊದಲಿನಿಂದಲೂ ದುರ್ಬಲ. 1847ರ ಸೆಪ್ಟೆಂಬರಿನಲ್ಲಿ ತನ್ನ ಜನರಿಗೆ ಕೊನೆಯ ಪ್ರಸಂಗ ಮಾಡಿ, ಬೆಚ್ಚನೆಯ ಹವೆ ಹುಡುಕಿಕೊಂಡು ದಕ್ಷಿಣಕ್ಕೆ ಹೊರಟ. ನವೆಂಬರ್ 20ರಂದು ನೀಸ್ ನಗರದಲ್ಲಿ ತೀರಿಕೊಂಡ. ಗೀತೆ ಆ ಕೊನೆಯ ದಿನಗಳದ್ದೆಂದು ಕೆಲವರು, ಎಷ್ಟೋ ವರ್ಷ ಹಿಂದಿನದೆಂದು ಇನ್ನು ಕೆಲವರು ವಾದಿಸುತ್ತಾರೆ. ಆ ಜಗಳ ನಮಗೆ ಬೇಡ.

ಗೀತೆಯ ಬೇರು ಲೂಕನ ಸುವಾರ್ತೆಯ 24ನೇ ಅಧ್ಯಾಯದಲ್ಲಿದೆ. ಎಮ್ಮಾಹು ಹಳ್ಳಿಯ ದಾರಿಯಲ್ಲಿ ಯೇಸುವಿನ ಇಬ್ಬರು ಶಿಷ್ಯರಿಗೆ ಅಪರಿಚಿತನೊಬ್ಬ ಜೊತೆಯಾಗುತ್ತಾನೆ; ಅವನು ಸಾವಿನಿಂದ ಎದ್ದುಬಂದ ಯೇಸುವೇ ಎಂದು ಅವರಿಗೆ ಗೊತ್ತಿಲ್ಲ. ಹೊತ್ತು ಮುಳುಗುತ್ತಿದೆ, ಇಲ್ಲೇ ತಂಗಬೇಕೆಂದು ಅವರು ಒತ್ತಾಯ ಮಾಡುತ್ತಾರೆ. ಕತ್ತಲಾದ ಮೇಲೆ ದಾರಿಹೋಕನನ್ನು ಮುಂದೆ ಕಳಿಸದಿರುವುದು ನಮ್ಮ ಹಳ್ಳಿಗಳಿಗೂ ಗೊತ್ತಿದ್ದ ಮರ್ಯಾದೆ. ಲೈಟ್ ಮಾಡಿದ್ದಿಷ್ಟೇ: ಅತಿಥಿಯ ಕಾಳಜಿಯಿಂದ ಬಂದ ಆ ಮಾತನ್ನು, ಕತ್ತಲಿಗೆ ತಾನೇ ಹೆದರಿದವನ ಬಾಯಿಗೆ ಕೊಟ್ಟ. ರೋಗ ವಾಸಿಮಾಡು, ಸಾವು ತಪ್ಪಿಸು ಎಂಬ ಬೇಡಿಕೆ ಇದರಲ್ಲಿಲ್ಲ. ಇಲ್ಲೇ ಇರು ಎಂಬುದಷ್ಟೇ ಇದೆ. ಇದರ ಬಾಳಿಕೆಗೆ ಇದೇ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ. ಮೂಲದಲ್ಲಿ ಎಂಟು ನುಡಿಗಳಿದ್ದವು. ಹೆಚ್ಚಾಗಿ ಹಾಡುವುದು ಐದನ್ನು. ಉದುರಿದವುಗಳಲ್ಲಿ ತನ್ನ ಯೌವನದ ಹಟಮಾರಿತನವನ್ನು ನೆನೆಯುವ ನುಡಿಯೂ ಒಂದು. ಲೈಟನ ಸ್ವಂತದ್ದು ಕಳಚಿದಷ್ಟೂ ಗೀತೆ ಎಲ್ಲರದ್ದಾಯಿತು.

ಆದರೂ ಸಾಹಿತ್ಯ ಒಂದರಿಂದಲೇ ಇದು ಉಳಿಯುತ್ತಿರಲಿಲ್ಲ. ಲೈಟ್ ತಾನೇ ಕಟ್ಟಿದ ಮಟ್ಟು ಇಂದು ಯಾರ ಬಾಯಲ್ಲೂ ಇಲ್ಲ. ಇಂದಿನ ಮಟ್ಟು ವಿಲಿಯಂ ಹೆನ್ರಿ ಮಾಂಕ್‌ನದು, 1861ರದ್ದು. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಮೊದಲ ಸಾಲು ಗ ಗ ರಿ ಸ, ಪ ದ ಪ ಪ ಮ ಗ. ಶಂಕರಾಭರಣದ ಸ್ವರಗಳೇ. ಇಡೀ ಮಟ್ಟು ಷಡ್ಜದಿಂದ ಧೈವತದೊಳಗೆ ಮುಗಿಯುತ್ತದೆ; ನಿಷಾದವನ್ನು ಮುಟ್ಟುವುದಿಲ್ಲ, ತಾರಸ್ಥಾಯಿಗೆ ಏರುವುದಿಲ್ಲ. ಗಂಟಲು ಕಟ್ಟಿದವನೂ ಹಾಡಬಹುದು. ಶವಸಂಸ್ಕಾರದಲ್ಲಿ ಎಲ್ಲರ ಗಂಟಲೂ ಕಟ್ಟಿರುತ್ತದೆ ತಾನೆ? ಎರಡನೆಯ ಸಾಲಿನ ಕೊನೆಯಲ್ಲಿ ಮಾತ್ರ, ಪಂಚಮಕ್ಕೆ ಏರುವ ಮುನ್ನ, ಶಂಕರಾಭರಣದಲ್ಲಿಲ್ಲದ ಒಂದೇ ಒಂದು ಪ್ರತಿಮಧ್ಯಮ ಬರುತ್ತದೆ. ಕತ್ತಲು ದಟ್ಟವಾಗುವ ಸಾಲು ಅದು. ಮಾಂಕ್ ಕೇವಲ ಕಸುಬುದಾರನಲ್ಲ ಎಂಬುದಕ್ಕೆ ನನಗೆ ಈ ಒಂದು ಸ್ವರವೇ ಸಾಕ್ಷಿ. ಕೊನೆಯ ಸಾಲು ಮ ಗ ರಿ ಸ ಎಂದು ಇಳಿದು ಷಡ್ಜಕ್ಕೆ ಸೇರುತ್ತದೆ.

ಗೀತೆ ಹೋದ ಕಡೆಗಳನ್ನು ನೋಡಿ. 1915ರ ಅಕ್ಟೋಬರಿನಲ್ಲಿ, ಜರ್ಮನರ ವಶದಲ್ಲಿದ್ದ ಬ್ರಸೆಲ್ಸ್‌ನ ಸೆರೆಮನೆಯಲ್ಲಿ ಬ್ರಿಟಿಷ್ ದಾದಿ ಈಡಿತ್ ಕ್ಯಾವೆಲ್ ಇದ್ದಳು. ಮಿತ್ರಪಡೆಯ ಸೈನಿಕರು ತಪ್ಪಿಸಿಕೊಳ್ಳಲು ನೆರವಾದಳೆಂಬುದು ಆರೋಪ. ಗುಂಡಿಗೆ ಬಲಿಯಾಗುವ ಹಿಂದಿನ ರಾತ್ರಿ ಅವಳೂ ಪಾದ್ರಿ ಗಹನ್ ಅವರೂ ಕೂಡಿ ಈ ನುಡಿಗಳನ್ನು ಹೇಳಿಕೊಂಡರು. ಹನ್ನೆರಡು ವರ್ಷದ ನಂತರ, 1927ರಲ್ಲಿ, ವೆಂಬ್ಲಿಯ ಎಫ್.ಎ. ಕಪ್ ಫೈನಲ್‌ಗೆ ಬಂದ ಫುಟ್‌ಬಾಲ್ ಜನಸಾಗರ ಇದನ್ನೇ ಹಾಡಿತು. ಅಂದು ಕಾರ್ಡಿಫ್ ಸಿಟಿ ಆರ್ಸೆನಲ್ ತಂಡವನ್ನು ಸೋಲಿಸಿ ಕಪ್ಪನ್ನು ಇಂಗ್ಲೆಂಡಿನಿಂದಾಚೆ ವೇಲ್ಸಿಗೆ ಒಯ್ದಿತು. ಹಾಡುವ ಪದ್ಧತಿ ಮಾತ್ರ ಎಫ್.ಎ. ಕಪ್ ಫೈನಲ್‌ನಲ್ಲೇ ಉಳಿಯಿತು. ಮರಣದಂಡನೆಯ ಹಿಂದಿನ ರಾತ್ರಿಗೂ ಫುಟ್‌ಬಾಲ್ ಮೈದಾನಕ್ಕೂ ಒಗ್ಗುವ ಇನ್ನೊಂದು ಪ್ರಾರ್ಥನೆ ನನಗಂತೂ ತೋಚುತ್ತಿಲ್ಲ.

ದೆಹಲಿಯ ಆ ಜನವರಿ ಸಮಾರಂಭದಲ್ಲಿ ಮಾತ್ರ 2022ರಲ್ಲಿ ಇದನ್ನು ಕೈಬಿಟ್ಟು ‘ಏ ಮೇರೆ ವತನ್ ಕೆ ಲೋಗೋ’ ನುಡಿಸಿದರು. ಅದೂ ದೊಡ್ಡ ಗೀತೆಯೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಗಾಂಧೀಜಿ ಹತರಾದ ದಿನದ ಹಿಂದಿನ ಸಂಜೆ, ಅವರಿಗೆ ಪ್ರಿಯವಾದ ಸಂಜೆಯ ಗೀತೆ ಕೇಳುತ್ತಿತ್ತು. ಅದನ್ನು ಬಿಟ್ಟದ್ದು ನಷ್ಟವೆಂದೇ ನನ್ನ ಅಭಿಪ್ರಾಯ.

ಮನೆಯಲ್ಲಿ ಹಾರ್ಮೋನಿಯಂ ಇದ್ದವರು ನಾನು ಹೇಳಿದ ಸ್ವರಗಳನ್ನು ನಿಧಾನವಾಗಿ ನುಡಿಸಿ ನೋಡಿ. ಎರಡನೆಯ ಸಾಲಿನ ಪ್ರತಿಮಧ್ಯಮವನ್ನು ಮಾತ್ರ ಅವಸರದಲ್ಲಿ ಹಾರಿಸಬೇಡಿ.