ಊರಿಗೆ ಅಂಕ ಹಾಕುವ ಲೆಕ್ಕ

(ಅಂಕೋಲಾ ತಾಲೂಕಿನ ಭಾವಿಕೇರಿಯಲ್ಲಿ ಊರ ಹಿರಿಯರು ಮತ್ತು ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹರೂಪ)



ಬದುಕಲು ಯಾವ ಊರು ಮೇಲು ಎಂಬ ಪ್ರಶ್ನೆ ನಮ್ಮ ಕರಾವಳಿಗೆ ಹೊಸದಲ್ಲ. ಕಾರವಾರ, ಅಂಕೋಲೆಯ ಜನ ಓದಿಗಾಗಿ, ಹೊಟ್ಟೆಪಾಡಿಗಾಗಿ ಮೊದಲು ಮುಂಬಯಿಯ ದಾರಿ ಹಿಡಿದರು. ಆಮೇಲೆ ಗೋವೆ, ಹುಬ್ಬಳ್ಳಿ, ಬೆಂಗಳೂರು ಎಂದಾಯಿತು. ಈಗ ಡಲ್ಲಾಸ್, ಚಿಕಾಗೋ, ಸ್ಯಾನ್ ಹೋಸೆಗಳ ಹೆಸರೂ ಇಲ್ಲಿಯ ಜಗಲಿಯ ಮಾತಿನಲ್ಲಿ ಬರುತ್ತದೆ. ಮಗನನ್ನು ಬೆಂಗಳೂರಿಗೆ ಕಳಿಸುವುದೋ ಪುಣೆಗೋ, ಮಗಳು ಅಮೆರಿಕದ ಯಾವ ಊರಿನ ಕೆಲಸ ಒಪ್ಪಿಕೊಳ್ಳಬೇಕು ಎಂದು ಮನೆಯವರು ಚಿಂತಿಸುವ ಹೊತ್ತಿಗೆ ಒಂದು ಪಟ್ಟಿ ಕಣ್ಣಿಗೆ ಬೀಳುತ್ತದೆ: 'ವಾಸಯೋಗ್ಯ ನಗರಗಳು' ಎಂಬ ತಲೆಬರಹದ, ಮೊದಲನೆಯದು, ಎರಡನೆಯದು ಎಂದು ಸಾಲು ಹಚ್ಚಿದ ಪಟ್ಟಿ. ಇದು ಹೇಗೆ ತಯಾರಾಗುತ್ತದೆ, ಇದನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದು ಎಂಬುದೇ ಇವತ್ತಿನ ಮಾತು.

ಇಂಥ ಪಟ್ಟಿಗಳ ಪೈಕಿ ಹೆಚ್ಚು ಚರ್ಚೆಗೆ ಒಳಗಾದದ್ದು ಅಮೆರಿಕದ್ದು. 1981ರಲ್ಲಿ ರಿಚರ್ಡ್ ಬಾಯರ್ ಮತ್ತು ಡೇವಿಡ್ ಸ್ಯಾವಜೋ ಎಂಬಿಬ್ಬರು 'ಪ್ಲೇಸಸ್ ರೇಟೆಡ್ ಅಲ್ಮನಾಕ್' ಎಂಬ ಪುಸ್ತಕ ಬರೆದರು. ಭೂಪಟಗಳಿಗೆ ಹೆಸರಾದ ರ‍್ಯಾಂಡ್ ಮೆಕ್‌ನ್ಯಾಲಿ ಕಂಪನಿ ಅದನ್ನು ಪ್ರಕಟಿಸಿತು. 1985ರ ಆವೃತ್ತಿಯಲ್ಲಿ 329 ಮಹಾನಗರ ಪ್ರದೇಶಗಳನ್ನು ಒಂಬತ್ತು ಬಾಬುಗಳಲ್ಲಿ ತೂಗಿ ನೋಡಿದ್ದರು: ಹವಾಮಾನ, ಮನೆಯ ಖರ್ಚು, ಆರೋಗ್ಯ ಮತ್ತು ಪರಿಸರ, ಅಪರಾಧ, ಸಾರಿಗೆ, ಶಿಕ್ಷಣ, ಕಲೆ, ಮನರಂಜನೆ, ಆರ್ಥಿಕ ಸ್ಥಿತಿ. ಒಂದೊಂದು ಬಾಬಿನಲ್ಲೂ ಊರುಗಳಿಗೆ ಸ್ಥಾನ ಕೊಟ್ಟು, ಒಂಬತ್ತೂ ಸ್ಥಾನಗಳನ್ನು ಕೂಡಿಸಿ, ಮೊತ್ತ ಕಡಿಮೆ ಬಂದ ಊರನ್ನು ಮೇಲಿಟ್ಟರು. ನಮ್ಮ ಶಾಲೆಯ ಮಕ್ಕಳೂ ಮಾಡಬಹುದಾದ ಲೆಕ್ಕ ಇದು.

ಫಲಿತಾಂಶ ನೋಡಿ ಅಮೆರಿಕ ಬೆರಗಾಯಿತು. ಮೊದಲ ಸ್ಥಾನ ಬಂದದ್ದು ಪಿಟ್ಸ್‌ಬರ್ಗಿಗೆ. 1980ರ ದಶಕದ ಆರಂಭದಲ್ಲಿ ಅಲ್ಲಿಯ ಉಕ್ಕಿನ ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ಹಾಕಿ, ಹತ್ತಾರು ಸಾವಿರ ಜನ ಕೆಲಸ ಕಳೆದುಕೊಂಡಿದ್ದರು. ಕೊನೆಯ, ಅಂದರೆ 329ನೆಯ ಸ್ಥಾನ ಕ್ಯಾಲಿಫೋರ್ನಿಯಾದ ಯೂಬಾ ಸಿಟಿಗೆ. ಅಲ್ಲಿಯ ಜನ ಸಿಟ್ಟಿಗೆದ್ದು ರ‍್ಯಾಂಡ್ ಮೆಕ್‌ನ್ಯಾಲಿಯ ಭೂಪಟಗಳನ್ನು ಸುಟ್ಟರು.

ಲೆಕ್ಕದಲ್ಲಿ ಕೂಡಿಸುವ ತಪ್ಪೇನೂ ಇರಲಿಲ್ಲ. ದೋಷ ಬೇರೆ ಕಡೆಗಿತ್ತು. 1987ರಲ್ಲಿ ಬೆಲ್ ಪ್ರಯೋಗಾಲಯದ ನಾಲ್ವರು ಸಂಖ್ಯಾಶಾಸ್ತ್ರಜ್ಞರು ಅದೇ ಅಂಕಿಗಳನ್ನು ಕೈಗೆತ್ತಿಕೊಂಡು ಒಂದು ಪ್ರಶ್ನೆ ಕೇಳಿದರು. ಒಂಬತ್ತು ಬಾಬುಗಳಿಗೂ ಒಂದೇ ತೂಕ ಏಕೆ? ಒಬ್ಬನಿಗೆ ಹವಾಮಾನ ಮುಖ್ಯ, ಇನ್ನೊಬ್ಬನಿಗೆ ಬಾಡಿಗೆ ಮುಖ್ಯ. ತೂಕ ಬದಲಿಸುತ್ತಾ ಹೋದರೆ ಏನಾಗುತ್ತದೆ? ಅವರಿಗೆ ಕಂಡದ್ದು ಇಷ್ಟು: ಒಂದಲ್ಲ ಒಂದು ಬಗೆಯ ತೂಕ ಹಾಕಿದರೆ 134 ಊರುಗಳನ್ನು ಮೊದಲ ಸ್ಥಾನಕ್ಕೆ ತರಬಹುದು, 150 ಊರುಗಳನ್ನು ಕಟ್ಟಕಡೆಗೆ ತಳ್ಳಬಹುದು. ಅವುಗಳ ಪೈಕಿ 59 ಊರುಗಳನ್ನು ಬೇಕಾದರೆ ಮೊದಲಿಗೂ ಬೇಡವಾದರೆ ಕೊನೆಗೂ ಇಡಬಹುದು!

ಇದು ಕಣ್ಕಟ್ಟಲ್ಲ. ಒಂದು ಸಣ್ಣ ಉದಾಹರಣೆ ನೋಡೋಣ. ಮೂಡೂರು, ಪಡುವೂರು ಎಂದು ಎರಡು ಊರುಗಳನ್ನು ಕಲ್ಪಿಸಿಕೊಳ್ಳಿ. ಹತ್ತಕ್ಕೆ ಇಷ್ಟೆಂದು ಅಂಕ. ಮೂಡೂರಿಗೆ ಉದ್ಯೋಗದಲ್ಲಿ 9, ಆಸ್ಪತ್ರೆಗೆ 8, ಬಾಡಿಗೆಗೆ 3, ಗಾಳಿ-ನೀರಿಗೆ 4, ಒಟ್ಟು 24. ಪಡುವೂರಿಗೆ ಅದೇ ಕ್ರಮದಲ್ಲಿ 4, 5, 8, 9, ಒಟ್ಟು 26. ಪಡುವೂರು ಗೆದ್ದಿತು. ಈಗ ಉದ್ಯೋಗವೇ ದೊಡ್ಡದು ಎಂದು ಆ ಅಂಕವನ್ನು ಎರಡು ಪಟ್ಟು ಮಾಡಿ. ಮೂಡೂರಿಗೆ 33, ಪಡುವೂರಿಗೆ 30. ಊರು ಬದಲಾಗಲಿಲ್ಲ, ಅಲ್ಲಿಯ ರಸ್ತೆ, ಆಸ್ಪತ್ರೆ, ಮನೆ ಯಾವುದೂ ಬದಲಾಗಲಿಲ್ಲ. ಬದಲಾದದ್ದು ತೂಗುವವನ ಮನಸ್ಸು ಮಾತ್ರ.

ನಮ್ಮ ದೇಶದಲ್ಲಿ ಇದೇ ಬಗೆಯ ಪ್ರಸಂಗ ನಡೆದಿದೆ. ಕೇಂದ್ರ ಸರ್ಕಾರ 2018ರಲ್ಲಿ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕದಲ್ಲಿ 111 ನಗರಗಳಿದ್ದವು. ಪುಣೆ ಮೊದಲನೆಯದು, ಬೆಂಗಳೂರು 58ನೆಯದು. ಮುಂದಿನ ಸೂಚ್ಯಂಕ ಬಂದದ್ದು 2021ರ ಮಾರ್ಚಿನಲ್ಲಿ. ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ 49 ನಗರಗಳ ಗುಂಪಿನಲ್ಲಿ ಬೆಂಗಳೂರು ಮೊದಲನೆಯದಾಯಿತು, ಪುಣೆ ಎರಡನೆಯದು. ಎರಡೂವರೆ ವರ್ಷದಲ್ಲಿ ಬೆಂಗಳೂರಿನಲ್ಲಿ ಅಂಥ ಪವಾಡವೇನೂ ನಡೆದಿರಲಿಲ್ಲ. ಬದಲಾದದ್ದು ಅಳೆಯುವ ಕ್ರಮ. ಮೊದಲ ಸಲ ಆರ್ಥಿಕ ವಿಷಯಗಳಿಗೆ ನೂರಕ್ಕೆ 5 ಅಂಕ ಮಾತ್ರ ಇತ್ತು. ಎರಡನೆಯ ಸಲ ಅದು 15 ಆಯಿತು. ನಾಗರಿಕರ ಅಭಿಪ್ರಾಯಕ್ಕೆಂದೇ 30 ಅಂಕ ಹೊಸದಾಗಿ ಸೇರಿತು. ಪಟ್ಟಿಯನ್ನು ದೊಡ್ಡ ನಗರ, ಸಣ್ಣ ನಗರ ಎಂದು ಒಡೆದರು. ಆರ್ಥಿಕ ಸಾಮರ್ಥ್ಯದಲ್ಲಿ ಉಳಿದವರನ್ನು ಹಿಂದೆ ಹಾಕುವ ಬೆಂಗಳೂರಿಗೆ ಇದು ಅನುಕೂಲವಾಯಿತು.

ಅದರ ಮರುವರ್ಷವೇ, ಅಂದರೆ 2022ರಲ್ಲಿ, ಲಂಡನ್ನಿನ ಇಕನಾಮಿಸ್ಟ್ ಬಳಗದ ಜಾಗತಿಕ ಪಟ್ಟಿಯಲ್ಲಿ ಬೆಂಗಳೂರು 146ನೆಯ ಸ್ಥಾನಕ್ಕೆ ಬಿತ್ತು. ಆ ಪಟ್ಟಿಯಲ್ಲಿದ್ದ ಭಾರತದ ನಗರಗಳಲ್ಲಿ ಅದೇ ಕೊನೆಯದು. ಹಾಗಾದರೆ ಯಾವುದು ಸುಳ್ಳು? ಎರಡೂ ಸುಳ್ಳಲ್ಲ. ಇಕನಾಮಿಸ್ಟ್ ಪಟ್ಟಿ ಯಾರಿಗಾಗಿ ಎಂದು ಕೇಳಿದರೆ ಗಂಟು ಬಿಚ್ಚಿಕೊಳ್ಳುತ್ತದೆ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಅಧಿಕಾರಿಗಳನ್ನು ಪರದೇಶಕ್ಕೆ ಕಳಿಸುವಾಗ ಎಷ್ಟು ಕಷ್ಟಭತ್ಯೆ ಕೊಡಬೇಕು ಎಂದು ನಿಶ್ಚಯಿಸಲು ಆ ಅಂಕಗಳನ್ನು ಬಳಸುತ್ತವೆ. 80ಕ್ಕಿಂತ ಮೇಲೆ ಅಂಕ ಬಂದ ಊರಿಗೆ ಭತ್ಯೆ ಬೇಡ; 50ರಿಂದ 60ರ ನಡುವೆ ಬಂದರೆ ಸಂಬಳದ ಮೇಲೆ ಶೇಕಡಾ 15. ಹೊರದೇಶದಿಂದ ಬರುವ ಅಧಿಕಾರಿಯ ಅನುಕೂಲಕ್ಕೆ ಮಾಡಿದ ಆ ಅಳತೆಗೋಲಿನಿಂದ, ಅಂಕೋಲೆಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರುವ ಹುಡುಗಿಯ ಬದುಕನ್ನು ಅಳೆಯಲು ಬರುವುದಿಲ್ಲ.

ಇನ್ನೊಂದು ತೊಡಕೆಂದರೆ ಊರಿನ ಗಡಿ. ಅಮೆರಿಕದ ಪಟ್ಟಿಗಳಲ್ಲಿ 'ಮಹಾನಗರ ಪ್ರದೇಶ' ಎಂದರೆ ಒಂದು ನಗರಸಭೆಯ ವ್ಯಾಪ್ತಿಯಲ್ಲ. ನಡುವೆ ಒಂದು ನಗರ, ಅದರ ಸುತ್ತ ದಿನವೂ ಕೆಲಸಕ್ಕೆ ಅಲ್ಲಿಗೆ ಹೋಗಿಬರುವ ಜನರಿರುವ ಕೌಂಟಿಗಳು. ಕೌಂಟಿಯೆಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ; ಅದರಲ್ಲಿ ಹೊಲ, ಕಾಡು, ಗುಡ್ಡ ಎಲ್ಲವೂ ಸೇರಿರಬಹುದು. ಬೆಂಗಳೂರನ್ನೇ ನೋಡಿ. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಮಹಾನಗರ ಪಾಲಿಕೆ ಮಾಡಿದರು. 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದರು. ಗಡಿ ಬದಲಾದಾಗಲೆಲ್ಲ ತಲೆಗೆಷ್ಟು ನೀರು, ಎಷ್ಟು ಮರ, ಎಷ್ಟು ಬಸ್ಸು ಎಂಬ ಸರಾಸರಿಯೂ ಬದಲಾಗುತ್ತದೆ. ಮನುಷ್ಯ ಸರಾಸರಿಯಲ್ಲಿ ವಾಸ ಮಾಡುವುದಿಲ್ಲ, ಒಂದು ಬೀದಿಯಲ್ಲಿ ಮಾಡುತ್ತಾನೆ.

ಹಾಗಾದರೆ ಅಮೆರಿಕಕ್ಕೆ ಹೋಗುವ ನಮ್ಮ ಮಕ್ಕಳು ಊರುಗಳನ್ನು ಹೋಲಿಸುವುದು ಹೇಗೆ? ಒಂದೊಂದು ಊರಿಗೂ ಒಂದು ಅನುಕೂಲ, ಅದಕ್ಕೆ ತಕ್ಕ ಬೆಲೆ. ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಹೋಸೆ ಕಡೆ ಹವೆ ಹಿತ, ಕಂಪ್ಯೂಟರ್ ಕೆಲಸ ಹೇರಳ. ಆದರೆ ಮನೆಯ ಬೆಲೆ ದೇಶದಲ್ಲೇ ಅತಿ ದುಬಾರಿಗಳಲ್ಲಿ ಒಂದು. ಡಲ್ಲಾಸಿನಲ್ಲಿ ಅದಕ್ಕಿಂತ ಎಷ್ಟೋ ಅಗ್ಗಕ್ಕೆ ಮನೆ ಸಿಗುತ್ತದೆ, ಟೆಕ್ಸಾಸ್ ರಾಜ್ಯ ವರಮಾನ ತೆರಿಗೆ ಹಾಕುವುದಿಲ್ಲ. ಆದರೆ ಮನೆಯ ಮೇಲಿನ ತೆರಿಗೆ ಭಾರಿ, ಬೇಸಿಗೆ ಕಡು ಬಿಸಿ, ಕಾರಿಲ್ಲದೆ ಹಾಲು ತರುವುದೂ ಕಷ್ಟ. ಚಿಕಾಗೋದಲ್ಲಿ 1892ರಿಂದ ಓಡುತ್ತಿರುವ ಎತ್ತರದ ರೈಲಿದೆ, ದೊಡ್ಡ ಸರೋವರವಿದೆ. ಚಳಿಗಾಲ ಮಾತ್ರ ಹಿಮದ್ದು. ನ್ಯೂಯಾರ್ಕಿನಲ್ಲಿ 1904ರಲ್ಲಿ ಶುರುವಾದ ನೆಲದಡಿಯ ರೈಲು ಹಗಲು ರಾತ್ರಿ ಓಡುತ್ತದೆ, ನಗರದ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಕಾರೇ ಇಲ್ಲ. ಆದರೆ ಬಾಡಿಗೆ ಕೈ ಸುಡುತ್ತದೆ. ಇಲ್ಲಿಂದ ತಂದೆ-ತಾಯಿ ಆರು ತಿಂಗಳು ಇರಲು ಹೋಗುತ್ತಾರೆ ಎನ್ನಿ. ವಾಹನ ನಡೆಸಲು ಬಾರದ ಅವರಿಗೆ, ನಡೆದುಹೋಗಲು ಪಾದಚಾರಿ ದಾರಿ ಇರುವ ಬೀದಿ ದೊಡ್ಡ ಮನೆಗಿಂತ ದೊಡ್ಡ ಸೌಕರ್ಯ. ಮಗನ ಪಟ್ಟಿಯಲ್ಲಿ ಮೊದಲಿದ್ದ ಊರು ತಾಯಿಯ ಪಟ್ಟಿಯಲ್ಲಿ ಕೊನೆಗೆ ಬರಬಹುದು.

ಪಟ್ಟಿಗೆ ಸಿಕ್ಕದ ಸಂಗತಿಗಳೂ ಇವೆ. ಆ ಅಮೆರಿಕನ್ ಪುಸ್ತಕದವರು 'ಕಲೆ' ಎಂಬ ಬಾಬಿನಲ್ಲಿ ವಸ್ತುಸಂಗ್ರಹಾಲಯ, ಅಪೆರಾ, ವಾದ್ಯವೃಂದ ಮುಂತಾದವನ್ನು ಎಣಿಸಿದರು. ಆ ಲೆಕ್ಕದಲ್ಲಿ ನಮ್ಮ ಅಂಕೋಲೆಗೆ ಸೊನ್ನೆ. ಸುಗ್ಗಿ ಕುಣಿತಕ್ಕೆ, ಬಯಲಾಟಕ್ಕೆ ಅಲ್ಲಿ ಕಾಲಂ ಇಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರಲ್ಲಿ ತೀರಿಕೊಳ್ಳುವ ತನಕ ಹಾಲಕ್ಕಿ ಹಾಡುಗಳನ್ನು ಕಂಠದಲ್ಲಿ ಹೊತ್ತಿದ್ದರು. 2017ರಲ್ಲಿ ಪದ್ಮಶ್ರೀ ಬಂದರೂ ಅವರು ಯಾವ ಸೂಚ್ಯಂಕಕ್ಕೂ ಸೇರಲಿಲ್ಲ. ಹಾಗೆಯೇ ಚಿಕಾಗೋದ ವಿದ್ಯಾರಣ್ಯ ಕನ್ನಡ ಕೂಟವಾಗಲಿ, ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟವಾಗಲಿ ಅಲ್ಲಿಯ ಪಟ್ಟಿಗಳಲ್ಲಿಲ್ಲ. ಪರಸ್ಥಳದಲ್ಲಿ ಒಂಟಿಯಾದವರಿಗೆ ಅವುಗಳ ಬೆಲೆ ಗೊತ್ತು.

ಕಟ್ಟಕಡೆಯ ಸ್ಥಾನ ಬಂದ ಯೂಬಾ ಸಿಟಿಯ ಕಥೆಯನ್ನು ಇಲ್ಲಿ ಪೂರ್ತಿ ಮಾಡಬೇಕು. ಆ ಊರಿನ ಸುತ್ತ ಪೀಚ್, ಪ್ರೂನ್ ಹಣ್ಣಿನ ತೋಟಗಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಪಂಜಾಬಿನ ರೈತರು ಆ ಸೀಮೆಗೆ ಹೋಗಿ, ಕೂಲಿ ಮಾಡಿ, ಕ್ರಮೇಣ ತೋಟಗಳ ಒಡೆಯರಾದರು. 1980ರಿಂದ ಪ್ರತಿ ನವೆಂಬರಿನಲ್ಲಿ ಅಲ್ಲಿ ಸಿಖ್ಖರ ನಗರ ಕೀರ್ತನ ನಡೆಯುತ್ತದೆ. ಬೇರೆ ಬೇರೆ ರಾಜ್ಯಗಳಿಂದ ಹತ್ತಾರು ಸಾವಿರ ಜನ ಕೂಡುತ್ತಾರೆ. 329ನೆಯ ಊರು ಅವರಿಗೆ ಪರದೇಶದಲ್ಲಿ ಸಿಕ್ಕ ಸ್ವಂತ ಊರು.

ಇಷ್ಟು ಕೇಳಿ, ಪಟ್ಟಿಗಳೆಲ್ಲ ಬುರುಡೆ ಎಂದು ತೀರ್ಮಾನಿಸಬೇಡಿ. ಅಳೆಯದೆ ಇದ್ದರೆ ಕೊರತೆ ಕಾಣುವುದಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕರ್ನಾಟಕದ ಅಂದಿನ 175 ತಾಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ತಾಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ತೋರಿಸಿತು. ಅದುವರೆಗೆ ಬರಿಯ ದೂರಾಗಿದ್ದ ಪ್ರಾದೇಶಿಕ ಅಸಮಾನತೆಗೆ ಅಂಕಿಯ ಆಧಾರ ಸಿಕ್ಕಿತು. ಆ ಮೇಲೆ ಅನುದಾನ ಕೇಳುವವರ ಕೈಗೆ ಬಲ ಬಂದಿತು.

ನಮ್ಮ ಜಿಲ್ಲೆಗೂ ಈ ಮಾತು ಅನ್ವಯಿಸುತ್ತದೆ. ಕಾರವಾರದಲ್ಲಿ 2013ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಆದರೂ ತಲೆಗೆ ಪೆಟ್ಟು ಬಿದ್ದಾಗ, ಹೃದಯ ಕೈಕೊಟ್ಟಾಗ ಜನ ಓಡುವುದು ಮಣಿಪಾಲ, ಹುಬ್ಬಳ್ಳಿ ಇಲ್ಲವೆ ಗೋವೆಗೆ. ಅಂಕೋಲೆಯಿಂದ ಮಣಿಪಾಲವೂ ಹುಬ್ಬಳ್ಳಿಯೂ ನೂರು ಕಿಲೋಮೀಟರಿಗೂ ಆಚೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತರು. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಬೀದಿಗಿಳಿಯಿತು. 2024ರ ಜುಲೈ 16ರಂದು ನಮ್ಮದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು. ಆಸ್ಪತ್ರೆ ಎಷ್ಟು ದೂರ ಎಂಬ ಪ್ರಶ್ನೆಗೆ ಕಿಲೋಮೀಟರಿನಲ್ಲಿ ಉತ್ತರಿಸಿದರೆ ಸಾಲದು, ಮಳೆಗಾಲದ ನಡುರಾತ್ರಿಯ ಗಂಟೆಗಳಲ್ಲಿ ಉತ್ತರಿಸಬೇಕು. ವಾಸಯೋಗ್ಯತೆ ಎಂಬ ದೊಡ್ಡ ಶಬ್ದದ ಅರ್ಥ ಕೊನೆಗೆ ಇಷ್ಟೇ.

ತೂಕ ಹಾಕುವವರು ಯಾರು ಎಂಬುದೂ ನಮಗೆ ಪುಸ್ತಕದ ಪ್ರಶ್ನೆಯಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು; ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಆ ಯೋಜನೆಗಾಗಿ ಮನೆ, ಗದ್ದೆ ಬಿಟ್ಟವು. ಈಗ ಪಕ್ಕದ ಕೇಣಿಯಲ್ಲಿ ಬಂದರಿನ ಯೋಜನೆ ಮುಂದೆ ಬಂದಿದೆ, ಮೀನುಗಾರರು ಅದನ್ನು ವಿರೋಧಿಸುತ್ತಿದ್ದಾರೆ. ಒಂದು ಪಾರಡಿಯಲ್ಲಿ ಉದ್ಯೋಗ, ವ್ಯಾಪಾರ. ಇನ್ನೊಂದರಲ್ಲಿ ದೋಣಿ ಎಳೆದಿಡುವ ದಂಡೆ, ಮೀನು ಒಣಗಿಸುವ ಮರಳು. ಎರಡಕ್ಕೂ ಎಷ್ಟೆಷ್ಟು ತೂಕ ಎಂಬುದನ್ನು ದೂರದ ಕಚೇರಿಯೊಂದೇ ನಿರ್ಧರಿಸಿದರೆ ಆ ಲೆಕ್ಕ ಪೂರ್ತಿಯಾಗುವುದಿಲ್ಲ. ದಂಡೆಯ ಮೇಲೆ ಬದುಕುವವರೂ ತಮ್ಮ ತೂಕ ಹೇಳಬೇಕು, ಕೇಳುವವರು ಅದನ್ನು ಬರೆದುಕೊಳ್ಳಬೇಕು.

ಹಾಗೆ ತೂಕ ಹಾಕಿದ ಒಬ್ಬರು ನಮ್ಮಲ್ಲೇ ಇದ್ದರು. ಅಲಗೇರಿಯಲ್ಲಿ ಹುಟ್ಟಿದ ದಿನಕರ ದೇಸಾಯಿಯವರು ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯಲ್ಲಿ ದುಡಿದವರು. ಆ ಮಹಾನಗರದ ಸೌಕರ್ಯಗಳನ್ನು ಬಲ್ಲವರು. ಊರಲ್ಲಿ ಏನೂ ಇಲ್ಲ ಎಂದು ಅವರು ಸುಮ್ಮನಾಗಲಿಲ್ಲ. ಶಿಕ್ಷಣಕ್ಕೇ ಹೆಚ್ಚಿನ ತೂಕ ಕೊಟ್ಟು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಈ ಜಿಲ್ಲೆಯ ಬಡವರ ಮಕ್ಕಳಿಗೆ ಹೈಸ್ಕೂಲುಗಳನ್ನು ತೆರೆದರು. ಸೌಕರ್ಯವೆಂಬುದು ಹುಡುಕಿಕೊಂಡು ಹೋಗುವ ವಸ್ತು ಮಾತ್ರವಲ್ಲ, ತರಬಹುದಾದದ್ದು ಎಂಬುದಕ್ಕೆ ಅದು ಸಾಕ್ಷಿ.

ಆದ್ದರಿಂದ ವಿದ್ಯಾರ್ಥಿಗಳಿಗೆ ನನ್ನ ಸೂಚನೆ ಇಷ್ಟು. ಊರು ಬಿಡುವ ಮುನ್ನ ಯಾವ ಪಟ್ಟಿ ಕಂಡರೂ ಮೂರು ಪ್ರಶ್ನೆ ಕೇಳಿ: ಏನನ್ನು ಅಳೆದಿದ್ದಾರೆ, ಯಾವುದಕ್ಕೆ ಎಷ್ಟು ತೂಕ ಕೊಟ್ಟಿದ್ದಾರೆ, ಯಾರಿಗಾಗಿ ಮಾಡಿದ್ದಾರೆ? ಆಮೇಲೆ ಮನೆಯವರೆಲ್ಲ ಕುಳಿತು ನಿಮಗೆ ಬೇಕಾದ ಐದಾರು ಸಂಗತಿಗಳನ್ನು ಬರೆದು, ನಿಮ್ಮದೇ ಅಂಕ ಹಾಕಿ. ಅಜ್ಜಿಯ ಅಭಿಪ್ರಾಯಕ್ಕೂ ಒಂದು ಸಾಲು ಬಿಡಿ. ಹಿರಿಯರಿಗೆ ನನ್ನ ಬಿನ್ನಹ: ಅಂಥದೇ ಒಂದು ಪಟ್ಟಿ ಭಾವಿಕೇರಿಗೂ ಆಗಲಿ. ಆಸ್ಪತ್ರೆಗೆ ಎಷ್ಟು ಹೊತ್ತು, ಕೊನೆಯ ಬಸ್ಸು ಎಷ್ಟು ಗಂಟೆಗೆ, ಬೇಸಿಗೆಯಲ್ಲಿ ಎಷ್ಟು ಬಾವಿಗಳಿಗೆ ಉಪ್ಪುನೀರು ಬರುತ್ತದೆ, ಓದಿದ ಮಕ್ಕಳಿಗೆ ಹತ್ತಿರದಲ್ಲಿ ಯಾವ ಕೆಲಸವಿದೆ ಎಂದು ಬರೆದು ಗ್ರಾಮಸಭೆಯ ಮುಂದಿಡಿ. ವರ್ಷಕ್ಕೊಮ್ಮೆ ಅದನ್ನೇ ಮತ್ತೆ ತೆಗೆದು ನೋಡಿ. ಬೇರೆ ಊರಿನ ಜೊತೆ ಹೋಲಿಕೆ ಬೇಡ, ಹೋದ ವರ್ಷದ ಭಾವಿಕೇರಿಯ ಜೊತೆ ಹೋಲಿಸಿದರೆ ಸಾಕು.