ಕಂಡು ಬಲ್ಲ ಪದ, ಆಡಬಲ್ಲ ಪದ



ಬೆಂಗಳೂರಿನ ಪಡುವಣ ಭಾಗದಲ್ಲಿ, ಮೈಸೂರು ರಸ್ತೆಯನ್ನು ಹಿಡಿದು ಕೆಂಗೇರಿಯವರೆಗೆ, ಉಚ್ಚ ವಿದ್ಯಾಶಾಲೆಗಳು ದಟ್ಟವಾಗಿ ಬೆಳೆದಿವೆ. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯ ಆವರಣವು ಅಲ್ಲಿಯೇ ಇದೆ. ಇಂಜಿನಿಯರಿಂಗ್ ಕಾಲೇಜುಗಳೂ ಹಲವಿವೆ. ಪ್ರೌಢಶಾಲೆಯವರೆಗೆ ಕನ್ನಡದಲ್ಲಿಯೇ ಓದಿ, ವಿಜಯನಗರದಲ್ಲಿಯೋ ಬಸವೇಶ್ವರನಗರದಲ್ಲಿಯೋ ಕೊಠಡಿ ಹಿಡಿದು, ಇಲ್ಲಿಗೆ ಬಂದು ಕಲಿಯುವ ವಿದ್ಯಾರ್ಥಿಗಳುಂಟು. ಅವರ ಒಂದು ಸಂಕಟವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಇವರು ಇಂಗ್ಲಿಷ್ ಪಠ್ಯವನ್ನು ಓದಿ ಗ್ರಹಿಸಬಲ್ಲರು. ಆದರೆ ಪ್ರಯೋಗಶಾಲೆಯ ಮೌಖಿಕ ಪರೀಕ್ಷೆಯಲ್ಲಿ ಬಾಯಿ ಕಟ್ಟಿಹೋಗುತ್ತದೆ. ಪರೀಕ್ಷಕರು ‘ಈತನಿಗೆ ವಿಷಯವೇ ತಿಳಿಯದು’ ಎಂದು ಬಗೆದು ಅಂಕ ಕಳೆಯುತ್ತಾರೆ. ತಿಳಿದದ್ದನ್ನು ತಿಳಿಯದೆಂದು ಎಣಿಸುವುದು ಸಣ್ಣ ಅನ್ಯಾಯವಲ್ಲ. ಪುಸ್ತಕದಲ್ಲಿ ಕಂಡಾಗ ಗುರುತು ಸಿಕ್ಕುವ ಪದವೇ ಬೇಕಾದ ಗಳಿಗೆಯಲ್ಲಿ ನಾಲಗೆಗೆ ಬಾರದು. ಬೀದಿಯಲ್ಲಿ ಮುಖಪರಿಚಯವಿದ್ದವರೆಲ್ಲರೂ ಮನೆಗೆ ಬಂದು ಹೋಗುವ ನಂಟರಲ್ಲವಷ್ಟೆ.

ಕೆನಡಾ ದೇಶದಲ್ಲಿ, ಇಂಗ್ಲಿಷ್ ಮನೆಮಾತಾಗಿದ್ದು ಫ್ರೆಂಚ್ ಭಾಷೆಯಲ್ಲಿ ಪಾಠ ಕಲಿಯುತ್ತಿದ್ದ ಮಕ್ಕಳನ್ನು ಪರಿಶೀಲಿಸಿ, ಮೆರಿಲ್ ಸ್ವೇನ್ ಎಂಬ ವಿದುಷಿ 1985ರಲ್ಲಿ ಇದೇ ವ್ಯತ್ಯಾಸವನ್ನು ಎತ್ತಿ ತೋರಿಸಿದರು. ವರ್ಷಗಟ್ಟಲೆ ಕೇಳಿ ಕೇಳಿ ಆ ಮಕ್ಕಳು ಚೆನ್ನಾಗಿ ಗ್ರಹಿಸುತ್ತಿದ್ದರು. ಮಾತು, ಬರವಣಿಗೆಗಳಲ್ಲಿ ಮಾತ್ರ ಹಿಂದುಳಿದಿದ್ದರು. ಸ್ವತಃ ಆಡುವ ಸಂದರ್ಭವೇ ಅವರಿಗೆ ಸಾಕಷ್ಟು ಒದಗಿರಲಿಲ್ಲವೆಂದು ಆಕೆಯ ವಾದ.

‘ಅದು ಭಾಷೆಯ ಅಧ್ಯಾಪಕರ ಕೆಲಸ, ನಮಗೇಕೆ?’ ಎಂದು ವಿಜ್ಞಾನದ ಉಪಾಧ್ಯಾಯರು ಕೇಳಬಹುದು. ವಿದ್ಯಾರ್ಥಿಯೊಬ್ಬನು ‘ವೋಲ್ಟೇಜ್ ಫ್ಲೋಸ್’ ಎಂದು ಬರೆದನೆನ್ನಿ. ವ್ಯಾಕರಣದಲ್ಲಿ ದೋಷವಿಲ್ಲ, ದೋಷವಿರುವುದು ಭೌತಶಾಸ್ತ್ರದಲ್ಲಿ. ಹರಿಯುವುದು ಕರೆಂಟ್, ವೋಲ್ಟೇಜನ್ನು ಎರಡು ಬಿಂದುಗಳ ನಡುವೆ ಒಡ್ಡುತ್ತಾರೆ. ಇದನ್ನು ಭಾಷೆಯ ಅಧ್ಯಾಪಕರು ತಿದ್ದಬಲ್ಲರೆ? ಇನ್ನೊಂದು ತೊಡಕೂ ಉಂಟು. ಕರೆಂಟು, ಪವರು ನಮ್ಮ ಮನೆಗಳಲ್ಲಿ ಎಂದೋ ಕನ್ನಡವಾಗಿಹೋದ ಪದಗಳು. ದೀಪ ಆರಿದರೆ ‘ಕರೆಂಟು ಹೋಯಿತು’ ಎನ್ನುತ್ತೇವೆ, ಕನ್ನಡಕಕ್ಕೂ ಪವರುಂಟು. ಶಾಸ್ತ್ರದಲ್ಲಿ ಕರೆಂಟ್ ಎಂದರೆ ವಿದ್ಯುದಂಶವು ಹರಿಯುವ ದರ. ಪವರ್ ಎಂದರೆ ಕೆಲಸ ನಡೆಯುವ ದರ. ಪದ ಹಳೆಯ ಪರಿಚಯದ್ದಾದ ಕಾರಣವೇ ವಿದ್ಯಾರ್ಥಿ ಎಡವುತ್ತಾನೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಕನ್ನಡ ಬಾರದ ವಿದ್ಯಾರ್ಥಿಗಳಿಗೆಂದು ಏರ್ಪಡಿಸಿದ ಪಾಠಕ್ಕೆ ‘ಬಳಕೆ ಕನ್ನಡ’ ಎಂದು ಹೆಸರಿಟ್ಟಿತು. ಸೊಗಸಾದ ಹೆಸರು. ನಮ್ಮ ಹುಡುಗರಿಗೆ ಬೇಕಾದುದು ಬಳಕೆ ಇಂಗ್ಲಿಷ್.

ಇದಕ್ಕೆ ಬೇರೆ ತರಗತಿಯೇನೂ ಬೇಡ. ಪ್ರಯೋಗಶಾಲೆಯಲ್ಲಿ ಹತ್ತು ನಿಮಿಷ ಸಾಕು. ತಂತಿಗಳನ್ನು ಜೋಡಿಸುವ ಮೊದಲು, ತಾವು ಮಾಡಹೊರಟಿರುವುದನ್ನು ವಿದ್ಯಾರ್ಥಿಗಳು ಜೊತೆಯವರಿಗೆ ಕನ್ನಡದಲ್ಲಿ ಹೇಳಲಿ; ವಿಷಯ ಸ್ಪಷ್ಟವಾಗಲಿ. ಅನಂತರ ಪುಸ್ತಕವನ್ನು ಮುಚ್ಚಿ ಅದನ್ನೇ ಇಂಗ್ಲಿಷಿನಲ್ಲಿ ಮೂರು ವಾಕ್ಯಗಳಲ್ಲಿ ಹೇಳಿ, ಬರೆಯಲಿ. ಪುಸ್ತಕ ಮುಚ್ಚಿರಲೇಬೇಕು, ತೆರೆದಿದ್ದರೆ ನಕಲು ನಡೆಯುವುದು, ನೆನಪು ದುಡಿಯದು. ಬಿಡಿಪದಗಳ ಪಟ್ಟಿಯನ್ನು ಉರುಹೊಡೆಸಬಾರದು. ಯಾವ ನಾಮಪದಕ್ಕೆ ಯಾವ ಕ್ರಿಯಾಪದ ಸಲ್ಲುತ್ತದೆಂಬುದನ್ನು ಜೋಡಿಯಾಗಿಯೇ ಕಲಿಸಬೇಕು. ತಿಂಗಳ ಮೇಲೆ ಉಷ್ಣದ ಪ್ರಯೋಗ ಬಂದಾಗ ‘ಫ್ಲೋ’ ಎಂಬ ಅದೇ ಪದವನ್ನು ಮತ್ತೆ ಕೇಳತಕ್ಕದ್ದು. ಅಲ್ಲಿ ಹರಿಯುವುದು ಹೀಟ್, ಟೆಂಪರೇಚರ್ ಅಲ್ಲ.